ಗ್ರಾಂಟ್ ಸಿಕ್ತು ಅಂದ್ರೆ ದುಡ್ಡು ಸಿಕ್ತು ಅಂತಲ್ಲ: ಅಮೆರಿಕದ ಕ್ರಿಮಿನಲ್ ಜಸ್ಟಿಸ್ ಅನುದಾನದ ಗೊಂದಲ

2025ರ ಏಪ್ರಿಲ್ 22ಕ್ಕೆ ಅಮೆರಿಕದ ನ್ಯಾಯ ಇಲಾಖೆ ಅಪರಾಧ ತಡೆಯೋ, ಸಂತ್ರಸ್ತರಿಗೆ ನೆರವಾಗೋ ಕೆಲಸಗಳಿಗೆ ಕೊಟ್ಟಿದ್ದ 360ಕ್ಕೂ ಹೆಚ್ಚು ಗ್ರಾಂಟ್‌ಗಳನ್ನ ಒಂದೇ ಏಟಿಗೆ ರದ್ದು ಮಾಡ್ತು. ಕೆಲವು ಸುದ್ದಿಯಲ್ಲಿ 80 ಕೋಟಿ ಡಾಲರ್ ಹೋಯ್ತು ಅಂತ ಬಂತು, ಇನ್ನು ಕೆಲವು ಕಡೆ 50 ಕೋಟಿ ಅಂತ. ಅದಾಗಿ ನಾಲ್ಕು ತಿಂಗಳಿಗೆ, ಆಗಸ್ಟ್‌ನಲ್ಲಿ, 20 ರಾಜ್ಯಗಳು ಸೇರಿ ಅದೇ ಇಲಾಖೆ ಮೇಲೆ ಕೇಸ್ ಹಾಕಿದ್ವು, ಆದ್ರೆ ಅದು ಈ ರದ್ದಿನ ಬಗ್ಗೆ ಅಲ್ಲ, ಬೇರೆ ಗ್ರಾಂಟಿನ ಷರತ್ತುಗಳ ಬಗ್ಗೆ. ಹಾಗಾಗಿ ಓದೋರಿಗೆ ಎಲ್ಲಾ ಕಲಸುಮೇಲೋಗರ ಆಗಿದೆ. ರಾಜ್ಯಕ್ಕೆ ಬರೋ ದುಡ್ಡು ನಿಂತಿಲ್ಲ ಅಂತಾರೆ, ಆದ್ರೂ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿಗೆ ಊರಲ್ಲಿರೋ ಆಶ್ರಯ ಕೇಂದ್ರದಲ್ಲಿ ಕೆಲಸದವರನ್ನ ತೆಗೀತಿದ್ದಾರೆ ಅಂತಾರೆ, ಇದರಲ್ಲಿ ಯಾವುದು ನಿಜ?

ಎರಡೂ ನಿಜ. ಹೇಗೆ ಅಂತ ಗೊತ್ತಾಗಬೇಕಂದ್ರೆ ಈ ಗ್ರಾಂಟ್ ಜಗತ್ತಿನ ಒಂದಷ್ಟು ಪದ ಅರ್ಥ ಆಗಬೇಕು. ಅವು ಬರೀ ಆಫೀಸಿನ ಪರಿಭಾಷೆ ಅಲ್ಲ, ಏನಾದ್ರೂ ತಪ್ಪಾದ್ರೆ ನಷ್ಟ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದು ಆ ಪದಗಳಲ್ಲೇ ಮೊದಲೇ ತೀರ್ಮಾನ ಆಗಿರುತ್ತೆ.

ಅಲ್ಲಿರೋ ಕನ್ನಡದವರಿಗೂ ಇದು ದೂರದ ವಿಷಯ ಅಲ್ಲ. ನ್ಯೂಜೆರ್ಸಿಯಲ್ಲಿ 1985ರಲ್ಲಿ ಶುರುವಾದ ಮಾನವಿ, ನ್ಯೂಯಾರ್ಕಿನಲ್ಲಿ 1989ರ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 1991ರ ಮೈತ್ರಿ, ಇವೆಲ್ಲ ಮನೆಯೊಳಗೆ ಹಿಂಸೆ ಅನುಭವಿಸ್ತಿರೋ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ಹುಟ್ಟಿದ ಸಂಸ್ಥೆಗಳು. ಗಂಡನ ವೀಸಾ ಮೇಲೆ ಬಂದು, ಕೈಯಲ್ಲಿ ಸ್ವಂತ ದುಡ್ಡಿಲ್ಲದೆ, ಇಂಗ್ಲಿಷ್‌ನಲ್ಲಿ ಪೊಲೀಸರಿಗೆ ಹೇಳಿಕೊಳ್ಳೋಕೂ ಆಗದೆ ಕೂತಿರೋ ಒಬ್ಬಳು ಫೋನ್ ಮಾಡೋದು ಇಂಥ ಕಡೆಗೇ. ಈ ತರದ ಸೇವೆಗಳು ಇಡೀ ದೇಶದಲ್ಲಿ ದೇಣಿಗೆ ಜೊತೆಗೆ ಸರ್ಕಾರಿ ಗ್ರಾಂಟನ್ನೂ ನಂಬಿಕೊಂಡು ನಡೀತವೆ.

ಎರಡು ಕಾಲುವೆ

ವಾಷಿಂಗ್ಟನ್‌ನಿಂದ ದುಡ್ಡು ಹರಿಯೋಕೆ ಮುಖ್ಯವಾಗಿ ಎರಡು ಕಾಲುವೆ ಇದೆ. ಒಂದು ಫಾರ್ಮುಲಾ ಗ್ರಾಂಟ್, ಅಂದ್ರೆ ಯಾವ ರಾಜ್ಯಕ್ಕೆ ಎಷ್ಟು ಅನ್ನೋದನ್ನ ಸಂಸತ್ತು ಕಾನೂನಿನಲ್ಲೇ ಲೆಕ್ಕ ಹಾಕಿಟ್ಟಿರುತ್ತೆ, ಅಧಿಕಾರಿಗೆ ಇಷ್ಟ ಬಂದ ಹಾಗೆ ಹಂಚೋಕೆ ಬರಲ್ಲ. ಇನ್ನೊಂದು ಡಿಸ್ಕ್ರೀಶನರಿ ಗ್ರಾಂಟ್, ಇದರಲ್ಲಿ ಇಲಾಖೆ ಅರ್ಜಿ ಕರೆಯುತ್ತೆ, ಸಂಸ್ಥೆಗಳು ಪೈಪೋಟಿ ಮಾಡ್ತವೆ, ಇಲಾಖೆ ಆರಿಸುತ್ತೆ.

ಫಾರ್ಮುಲಾಕ್ಕೆ ದೊಡ್ಡ ಉದಾಹರಣೆ ಬರ್ನ್ ಜ್ಯಾಗ್, ಅಂದ್ರೆ ಪೊಲೀಸ್, ಕೋರ್ಟಿನಂಥ ಕೆಲಸಗಳಿಗೆ ರಾಜ್ಯ, ನಗರಗಳಿಗೆ ಸಿಗೋ ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್. ಎಡ್ವರ್ಡ್ ಬರ್ನ್ ಅನ್ನೋ 22 ವರ್ಷದ ನ್ಯೂಯಾರ್ಕ್ ಪೊಲೀಸ್ 1988ರ ಫೆಬ್ರವರಿಯಲ್ಲಿ ಕ್ವೀನ್ಸ್‌ನಲ್ಲಿ ಒಬ್ಬ ಸಾಕ್ಷಿಯ ಮನೆ ಮುಂದೆ ಕಾವಲಿಗೆ ಕಾರಲ್ಲಿ ಕೂತಿದ್ದಾಗ ಡ್ರಗ್ಸ್ ಗ್ಯಾಂಗಿನವರು ಗುಂಡು ಹೊಡೆದು ಕೊಂದ್ರು, ಅವನ ಹೆಸರನ್ನೇ ಈ ಗ್ರಾಂಟಿಗೆ ಇಟ್ಟಿದ್ದಾರೆ. ಲೆಕ್ಕ ಹೀಗೆ: ಅರ್ಧ ಜನಸಂಖ್ಯೆ ಮೇಲೆ, ಇನ್ನರ್ಧ ಹಿಂಸಾತ್ಮಕ ಅಪರಾಧದಲ್ಲಿ ಆ ರಾಜ್ಯದ ಪಾಲಿನ ಮೇಲೆ, ಎಷ್ಟೇ ಚಿಕ್ಕ ರಾಜ್ಯ ಆದ್ರೂ ಒಟ್ಟು ಮೊತ್ತದಲ್ಲಿ ಕಾಲು ಪರ್ಸೆಂಟ್‌ಗೆ ಕಮ್ಮಿ ಇಲ್ಲ. ಹೀಗೆ ಬಂದಿದ್ದರಲ್ಲಿ 60 ಪರ್ಸೆಂಟ್ ರಾಜ್ಯಕ್ಕೆ, 40 ಪರ್ಸೆಂಟ್ ಅಲ್ಲಿನ ನಗರಗಳಿಗೆ, ಕೌಂಟಿಗಳಿಗೆ (ನಮ್ಮ ಜಿಲ್ಲೆ ತರ) ನೇರವಾಗಿ.

ಏಪ್ರಿಲ್‌ನಲ್ಲಿ ಕತ್ತರಿ ಬಿದ್ದಿದ್ದು ಹೆಚ್ಚಾಗಿ ಎರಡನೇ ಕಾಲುವೆಗೆ. ರಾಜ್ಯದ ಫಾರ್ಮುಲಾ ದುಡ್ಡು ಹಾಗೇ ಇತ್ತು, ಆದ್ರೆ ಅದೇ ರಾಜ್ಯದಲ್ಲಿ ಕೆಲಸ ಮಾಡ್ತಿದ್ದ ಎಷ್ಟೋ ಸಂಸ್ಥೆಗಳ ದುಡ್ಡು ಹೋಯ್ತು. ಇನ್ನು 80 ಕೋಟಿನೋ 50 ಕೋಟಿನೋ ಅನ್ನೋ ಜಗಳ ಇದೆಯಲ್ಲ, ಅದೂ ಪದದ ಗೊಂದಲವೇ. ಮೊದಲನೇದು ಆ ಗ್ರಾಂಟ್‌ಗಳನ್ನ ಮಂಜೂರು ಮಾಡಿದಾಗಿನ ಒಟ್ಟು ಮೊತ್ತ, ಎರಡನೇದು ರದ್ದಾದ ದಿನ ಇನ್ನೂ ಖರ್ಚಾಗದೆ ಉಳಿದಿದ್ದ ಬಾಕಿ.

ರಾಜ್ಯದ ನೋಡಲ್ ಏಜೆನ್ಸಿ ಏನು ಮಾಡುತ್ತೆ

ಫಾರ್ಮುಲಾ ದುಡ್ಡು ರಾಜ್ಯಕ್ಕೆ ಬಂದಾಗ ಅದನ್ನ ನೋಡಿಕೊಳ್ಳೋದು ಸ್ಟೇಟ್ ಅಡ್ಮಿನಿಸ್ಟರಿಂಗ್ ಏಜೆನ್ಸಿ, ನಮ್ಮ ಮಾತಲ್ಲಿ ನೋಡಲ್ ಏಜೆನ್ಸಿ. 1968ರ ಸೇಫ್ ಸ್ಟ್ರೀಟ್ಸ್ ಕಾನೂನಿನ ಕಾಲದಲ್ಲಿ ಪ್ರತಿ ರಾಜ್ಯದಲ್ಲೂ ಒಂದು ಯೋಜನಾ ಏಜೆನ್ಸಿ ಇರಬೇಕು ಅಂತ ಮಾಡಿದ್ರು, ಇವತ್ತಿನ ಈ ವ್ಯವಸ್ಥೆಯ ಬೇರು ಅಲ್ಲಿದೆ. ಇಲಿನಾಯ್‌ನಲ್ಲಿ ಇದಕ್ಕೇ ಅಂತ ಒಂದು ಕ್ರಿಮಿನಲ್ ಜಸ್ಟಿಸ್ ಮಾಹಿತಿ ಪ್ರಾಧಿಕಾರ ಇದೆ, ಟೆಕ್ಸಾಸ್‌ನಲ್ಲಿ ಗವರ್ನರ್ ಆಫೀಸೇ ನೋಡಿಕೊಳ್ಳುತ್ತೆ, ಕ್ಯಾಲಿಫೋರ್ನಿಯಾದಲ್ಲಿ ಬರ್ನ್ ದುಡ್ಡು ಒಂದು ಮಂಡಳಿಗೆ ಬಂದ್ರೆ ಸಂತ್ರಸ್ತರ ಸೇವೆಗೆ ಬರೋ ದುಡ್ಡು ತುರ್ತು ಸೇವೆಗಳ ಆಫೀಸಿಗೆ ಹೋಗುತ್ತೆ. ಒಂದೇ ರಾಜ್ಯದಲ್ಲಿ ಎರಡು ಬಾಗಿಲು ಅಂದ್ರೆ ಅರ್ಜಿ ಹಾಕೋ ಚಿಕ್ಕ ಸಂಸ್ಥೆ ಎರಡೂ ಕಡೆ ಎರಡು ತರದ ಫಾರ್ಮ್ ತುಂಬಬೇಕು.

ಈ ಏಜೆನ್ಸಿ ತನಗೆ ಬಂದಿದ್ದನ್ನ ಮುಂದೆ ದಾಟಿಸಬೇಕು, ಅದಕ್ಕೆ ಪಾಸ್‌ಥ್ರೂ ಅಂತಾರೆ, ಹಾಗೆ ಸಿಗೋದು ಸಬ್‌ಗ್ರಾಂಟ್, ತಗೊಳ್ಳೋರು ಸಬ್‌ರೆಸಿಪಿಯೆಂಟ್. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಪೊಲೀಸ್ ಸ್ಟೇಷನ್ನಿಗೆ ಕಂಪ್ಯೂಟರ್ ಮಾರೋ ಅಂಗಡಿಯವನಿಗೂ ಗ್ರಾಂಟ್ ದುಡ್ಡೇ ಹೋಗುತ್ತೆ, ಆದ್ರೆ ಅವನು ಕಂಟ್ರಾಕ್ಟರ್, ಮಾಲು ಕೊಟ್ಟ, ದುಡ್ಡು ತಗೊಂಡ, ಅಲ್ಲಿಗೆ ಮುಗೀತು. ಸಬ್‌ರೆಸಿಪಿಯೆಂಟ್ ಹಾಗಲ್ಲ, ಅವರು ಕಾರ್ಯಕ್ರಮವನ್ನೇ ನಡೆಸೋರು, ಹಾಗಾಗಿ ಕೇಂದ್ರದ ಎಲ್ಲಾ ನಿಯಮ ಸರಪಳಿ ತರ ಅವರ ತನಕ ಇಳಿಯುತ್ತೆ. ಮೂರು ಜನ ಇರೋ ಆಶ್ರಯ ಕೇಂದ್ರಕ್ಕೂ ಲೆಕ್ಕದ ನಿಯಮ ರಾಜ್ಯಕ್ಕಿರೋದೇ.

ದಂಡದ ದುಡ್ಡಿನಿಂದ ನಡೆಯೋ ನಿಧಿ

ಜನರಿಗೆ ಜಾಸ್ತಿ ಗೊಂದಲ ಆಗೋದು ಸಂತ್ರಸ್ತರ ನಿಧಿ ವಿಷಯದಲ್ಲಿ. 1984ರ ವೋಕಾ (ವಿಕ್ಟಿಮ್ಸ್ ಆಫ್ ಕ್ರೈಮ್ ಆಕ್ಟ್, ಅಪರಾಧದಿಂದ ನೊಂದವರಿಗಾಗಿ ಇರೋ ಕಾನೂನು) ಮೂಲಕ ಬಂದ ಕ್ರೈಮ್ ವಿಕ್ಟಿಮ್ಸ್ ಫಂಡ್ ಇದು. ತೆರಿಗೆ ದುಡ್ಡು ಇದಕ್ಕೆ ಬರಲ್ಲ, ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ ಮಟ್ಟದ ಕೋರ್ಟುಗಳಲ್ಲಿ ಅಪರಾಧಿಗಳು, ಅದರಲ್ಲೂ ದೊಡ್ಡ ದೊಡ್ಡ ಕಂಪನಿಗಳು ಕಟ್ಟೋ ದಂಡವೇ ಇದರ ಮೂಲ. ಕೇಳೋಕೆ ಬಹಳ ನ್ಯಾಯವಾಗಿದೆ, ತಪ್ಪು ಮಾಡಿದವರ ದುಡ್ಡು ನೊಂದವರಿಗೆ. ಆದ್ರೆ ಕಷ್ಟ ಇರೋದೂ ಅಲ್ಲೇ, ದೊಡ್ಡ ಕೇಸ್ ಬಂದ ವರ್ಷ ನಿಧಿ ತುಂಬುತ್ತೆ, ಬರದ ವರ್ಷ ಬತ್ತುತ್ತೆ, ಹೊಡೆತ ತಿಂದು ರಾತ್ರಿ ಬಾಗಿಲು ತಟ್ಟೋರ ಸಂಖ್ಯೆ ಮಾತ್ರ ಕಂಪನಿಗಳ ದಂಡ ನೋಡಿಕೊಂಡು ಏರಿಳಿಯಲ್ಲ.

ಏರಿಳಿತ ಸರಿಮಾಡೋಕೆ ಅಂತ 2000ದಿಂದ ಸಂಸತ್ತು ಪ್ರತಿ ವರ್ಷ ಇದರಿಂದ ಇಷ್ಟೇ ತೆಗೀಬೇಕು ಅಂತ ಮಿತಿ ಹಾಕುತ್ತೆ, ಅದನ್ನ ಕ್ಯಾಪ್ ಅಂತಾರೆ. 2018ರಲ್ಲಿ ಈ ಕ್ಯಾಪ್ 443 ಕೋಟಿ ಡಾಲರ್ ಇತ್ತು. 2023ರಲ್ಲಿ 190 ಕೋಟಿ, 2024ರಲ್ಲಿ ಸುಮಾರು 135 ಕೋಟಿ. ಆರು ವರ್ಷದಲ್ಲಿ ಮೂರನೇ ಒಂದು ಭಾಗಕ್ಕೂ ಕಮ್ಮಿ. ಒಂದು ಕಾರಣ ಏನಂದ್ರೆ ಕಂಪನಿಗಳು ಕೋರ್ಟಲ್ಲಿ ಶಿಕ್ಷೆ ಆಗೋ ಮೊದಲೇ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ದುಡ್ಡು ಕಟ್ಟೋದು ಜಾಸ್ತಿ ಆಯ್ತು, ಅಂಥ ದುಡ್ಡು ಈ ನಿಧಿಗೆ ಬರದೆ ಸರ್ಕಾರದ ಖಜಾನೆಗೆ ಹೋಗ್ತಿತ್ತು. 2021ರ ಜುಲೈಯಲ್ಲಿ ಕಾನೂನು ತಿದ್ದಿ ಅದನ್ನೂ ನಿಧಿಗೆ ತಿರುಗಿಸಿದ್ರು, ಆದ್ರೂ ಬತ್ತಿದ್ದು ತುಂಬೋಕೆ ಟೈಮ್ ಬೇಕು.

ಹೀಗಾಗಿ 2024ರಲ್ಲೇ ಆಶ್ರಯ ಕೇಂದ್ರಗಳಿಗೆ ಕಷ್ಟ ಶುರುವಾಗಿತ್ತು, ಅಂದ್ರೆ ಏಪ್ರಿಲ್ ರದ್ದತಿಗೂ ಮೊದಲು, ಸರ್ಕಾರ ಬದಲಾಗೋಕೂ ಮೊದಲು. ಇದನ್ನ ಬಿಡಿಸಿ ನೋಡದೇ ಎಲ್ಲಾ ಒಂದೇ ಕಾರಣಕ್ಕೆ ಕಟ್ಟಿದ್ರೆ ತಪ್ಪಾಗುತ್ತೆ. ನಿಧಿ ಬತ್ತಿದ್ದು ನಿಧಾನವಾಗಿ ಬಂದ ಬರಗಾಲ, ರದ್ದತಿ ಒಂದು ದಿನದ ಆಲಿಕಲ್ಲು ಮಳೆ, ಎರಡೂ ಒಂದೇ ಹೊಲದ ಮೇಲೆ ಬಿದ್ದಿವೆ ಅನ್ನೋದು ಬೇರೆ ಮಾತು.

ರಾಜ್ಯಕ್ಕೆ ಬಂದ ವೋಕಾ ಸೇವಾ ದುಡ್ಡಿನಲ್ಲೂ ಮೊದಲೇ ಗೆರೆ ಎಳೆದಿರ್ತಾರೆ: ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ, ಇಲ್ಲೀತನಕ ಸೇವೆ ಸರಿಯಾಗಿ ತಲುಪದ ಸಂತ್ರಸ್ತರು, ಈ ನಾಲ್ಕಕ್ಕೂ ಕನಿಷ್ಠ 10 ಪರ್ಸೆಂಟ್ ಕೊಡಲೇಬೇಕು. ದಕ್ಷಿಣ ಏಷ್ಯಾದವರಿಗಾಗಿ ಇರೋ ಸಂಸ್ಥೆಗಳು ಸಾಮಾನ್ಯವಾಗಿ ಜಾಗ ಕೇಳೋದು ಎರಡನೇ ಮತ್ತೆ ನಾಲ್ಕನೇ ಸಾಲಿನಲ್ಲಿ.

ಮೊದಲು ಕೈಯಿಂದ ಹಾಕಿ, ಆಮೇಲೆ ಬಿಲ್ ಕೊಡಿ

ಈ ಇಡೀ ವಿಷಯದಲ್ಲಿ ಒಂದೇ ಒಂದು ಪದ ನೆನಪಿಟ್ಟುಕೊಳ್ಳೋದಾದ್ರೆ ಅದು ರೀಇಂಬರ್ಸ್‌ಮೆಂಟ್. ನಮ್ಮಲ್ಲಿ ಕೇಂದ್ರದ ಯೋಜನೆ ಅಂದ್ರೆ ಸಾಮಾನ್ಯವಾಗಿ ಮೊದಲ ಕಂತು ಬರುತ್ತೆ, ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಟ್ರೆ ಮುಂದಿನ ಕಂತು. ಅಲ್ಲಿ ಸಬ್‌ಗ್ರಾಂಟ್‌ಗಳಲ್ಲಿ ಹೆಚ್ಚಾಗಿ ಉಲ್ಟಾ, ಸಂಸ್ಥೆ ಮೊದಲು ತನ್ನ ಕೈಯಿಂದ ಖರ್ಚು ಮಾಡಬೇಕು, ತಿಂಗಳಿಗೋ ಮೂರು ತಿಂಗಳಿಗೋ ಒಂದ್ಸಲ ಲೆಕ್ಕ ಕಳಿಸಬೇಕು, ರಾಜ್ಯ ಪರಿಶೀಲಿಸಿ ಆಮೇಲೆ ದುಡ್ಡು ಹಾಕುತ್ತೆ.

ಒಂದು ಆಶ್ರಯ ಕೇಂದ್ರ ಇದೆ ಅಂದುಕೊಳ್ಳಿ. ಸಂಬಳ, ಬಾಡಿಗೆ, ಹೆಲ್ಪ್‌ಲೈನ್ ಸೇರಿ ತಿಂಗಳಿಗೆ 20,000 ಡಾಲರ್ ಖರ್ಚು. ಮೂರು ತಿಂಗಳಿಗೊಮ್ಮೆ ಬಿಲ್, ಬಿಲ್ ಪಾಸಾಗೋಕೆ ಇನ್ನೊಂದೂವರೆ ತಿಂಗಳು. ಅಂದ್ರೆ ಮೊದಲ ರೂಪಾಯಿ ವಾಪಸ್ ಬರೋ ಹೊತ್ತಿಗೆ ಅವರು 90,000 ಡಾಲರ್ ಕೈಯಿಂದ ಹಾಕಿರ್ತಾರೆ. ಈಗ ನಾಲ್ಕನೇ ತಿಂಗಳಲ್ಲಿ ಗ್ರಾಂಟ್ ರದ್ದು ಅಂತ ಪತ್ರ ಬಂತು ಅಂದುಕೊಳ್ಳಿ. ರದ್ದಿನ ದಿನದ ತನಕದ ಖರ್ಚು ನಿಯಮದ ಪ್ರಕಾರ ಕೇಳಬಹುದು, ಆದ್ರೆ ಮಾರನೇ ದಿನದಿಂದ ಬಾಡಿಗೆ ಕರಾರು ನಿಲ್ಲಲ್ಲ, ಒಳಗೆ ಮಲಗಿರೋ ತಾಯಿ ಮಗುವನ್ನ ಆಚೆ ಕಳಿಸೋಕೆ ಆಗಲ್ಲ. ದೊಡ್ಡ ಯೂನಿವರ್ಸಿಟಿಗೆ ಇಂಥದ್ದನ್ನ ತಡಕೊಳ್ಳೋ ಗಂಟು ಇರುತ್ತೆ. ಚಿಕ್ಕ ಸಂಸ್ಥೆಗೆ ಇರಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ದೋಷ ಇದೇ, ಯಾರ ಹತ್ರ ದುಡ್ಡು ಕಮ್ಮಿ ಇದೆಯೋ ಅವರೇ ಸರ್ಕಾರಕ್ಕೆ ಬಡ್ಡಿ ಇಲ್ಲದ ಸಾಲ ಕೊಟ್ಟಂಗೆ ಆಗುತ್ತೆ.

ಇದರ ಜೊತೆಗೆ ಬರೋ ಇನ್ನೆರಡು ಪದ ಆಬ್ಲಿಗೇಶನ್ ಮತ್ತೆ ಡ್ರಾಡೌನ್. ಮೊದಲನೇದು ಕೊಡ್ತೀನಿ ಅಂತ ದುಡ್ಡಿಗೆ ಬದ್ಧ ಆಗೋದು, ಎರಡನೇದು ನಿಜವಾಗಿ ಖಾತೆಯಿಂದ ಎಳೆಯೋದು. ಪತ್ರಿಕಾ ಪ್ರಕಟಣೆಯಲ್ಲಿ ಬರೋ ದೊಡ್ಡ ಅಂಕಿ ಮೊದಲನೇದು, ಸಂಬಳ ಆಗೋದು ಎರಡನೇದರಿಂದ. ಇವೆರಡರ ನಡುವೆ ಅವಧಿ ಅಂತ ಒಂದಿದೆ: ವೋಕಾ ದುಡ್ಡನ್ನ ಮಂಜೂರಾದ ವರ್ಷ ಮತ್ತೆ ಮುಂದಿನ ಮೂರು ವರ್ಷದೊಳಗೆ ಬಳಸಬೇಕು, ಆಮೇಲೆ ಉಳಿದಿದ್ದು ವಾಪಸ್. ಅದಕ್ಕೇ ಒಂದು ಸಂಸ್ಥೆ ನಿಧಾನ ಮಾಡಿದ್ರೆ ರಾಜ್ಯ ಮಧ್ಯದಲ್ಲೇ ಅವರ ಪಾಲು ಹಿಂತೆಗೆದು ಬೇರೆಯವರಿಗೆ ಕೊಡುತ್ತೆ, ಅದು ಡಿಆಬ್ಲಿಗೇಶನ್. ಇದನ್ನ ಶಿಕ್ಷೆ ಅಂತ ತಿಳ್ಕೊಳ್ಳೋರು ಬಹಳ ಜನ, ಆದ್ರೆ ಹೆಚ್ಚಾಗಿ ಅದು ದುಡ್ಡು ವಾಷಿಂಗ್ಟನ್‌ಗೆ ವಾಪಸ್ ಹೋಗದಿರಲಿ ಅಂತ ಮಾಡೋ ಕೆಲಸ.

ಮ್ಯಾಚ್ ಲೆಕ್ಕದಲ್ಲಿ ಜಾರೋದು ಎಲ್ಲಿ

ಕೆಲವು ಗ್ರಾಂಟಿಗೆ ನೀವೂ ಸ್ವಲ್ಪ ಹಾಕಬೇಕು, ಅದು ಮ್ಯಾಚ್. ಬರ್ನ್ ಜ್ಯಾಗ್‌ಗೆ ಮ್ಯಾಚ್ ಇಲ್ಲ, ವೋಕಾಗೆ 20 ಪರ್ಸೆಂಟ್. ಎಲ್ಲರೂ ತಪ್ಪೋದು ಇಲ್ಲೇ: ಫೆಡರಲ್ ಪಾಲು 80,000 ಡಾಲರ್ ಅಂದ ತಕ್ಷಣ ಅದರ 20 ಪರ್ಸೆಂಟ್ 16,000 ಅಂತ ಬರೆದುಬಿಡ್ತಾರೆ. ಆದ್ರೆ ನಿಯಮ ಹೇಳೋದು ಒಟ್ಟು ಪ್ರಾಜೆಕ್ಟ್ ಖರ್ಚಿನ 20 ಪರ್ಸೆಂಟ್, ಅಂದ್ರೆ 80,000 ಅನ್ನೋದು ಒಟ್ಟಿನ 80 ಪರ್ಸೆಂಟ್, ಒಟ್ಟು ಒಂದು ಲಕ್ಷ, ಮ್ಯಾಚ್ 20,000. ನಾಲ್ಕು ಸಾವಿರ ಡಾಲರ್ ವ್ಯತ್ಯಾಸ, ಬರೀ ಯಾವುದರ ಮೇಲೆ ಪರ್ಸೆಂಟ್ ಅನ್ನೋದರಿಂದ.

ದುಡ್ಡೇ ಆಗಬೇಕು ಅಂತಿಲ್ಲ, ವಾಲಂಟಿಯರ್‌ಗಳ ಟೈಮ್‌ಗೂ ಬೆಲೆ ಕಟ್ಟಿ ತೋರಿಸಬಹುದು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರ ತನಕ ಹೆಲ್ಪ್‌ಲೈನ್ ಹತ್ರ ಕೂತು ಅವರವರ ಭಾಷೆಯಲ್ಲಿ ಸಮಾಧಾನ ಹೇಳೋ ವಾಲಂಟಿಯರ್‌ನ ಏಳು ಗಂಟೆ ಮ್ಯಾಚ್ ಆಗುತ್ತೆ, ಆದ್ರೆ ಟೈಮ್‌ಶೀಟ್ ತುಂಬಿ ಸಹಿ ಆಗಿರಬೇಕು, ಇಲ್ಲಾಂದ್ರೆ ಆಡಿಟ್‌ನಲ್ಲಿ ಆ ಏಳು ಗಂಟೆ ನಡೆದೇ ಇಲ್ಲ ಅಂತ ಲೆಕ್ಕ. 2021ರ ತಿದ್ದುಪಡಿ ಆದ್ಮೇಲೆ ಕೋವಿಡ್ ಕಾಲಕ್ಕೆ ಮ್ಯಾಚ್ ಮನ್ನಾ ಮಾಡಿದ್ರು, ರಾಜ್ಯಗಳು ಮನ್ನಾಕ್ಕೆ ತಮ್ಮದೇ ನೀತಿ ಮಾಡಿಕೊಳ್ಳೋಕೂ ದಾರಿ ಆಯ್ತು.

ಸಪ್ಲಾಂಟಿಂಗ್ ಅನ್ನೋ ತಪ್ಪು

ಒಂದು ನಗರ ತನ್ನ ಬಜೆಟ್‌ನಲ್ಲಿ ಇಬ್ಬರು ಪೊಲೀಸರಿಗೆ ಸಂಬಳ ಇಟ್ಟಿದೆ. ಗ್ರಾಂಟ್ ಬಂತು. ಅದೇ ಇಬ್ಬರ ಸಂಬಳ ಗ್ರಾಂಟಿಗೆ ಹಾಕಿ ಉಳಿದ ದುಡ್ಡನ್ನ ರಸ್ತೆಗೆ ಹಾಕಿದ್ರೆ ಅದು ಸಪ್ಲಾಂಟಿಂಗ್, ನಿಷಿದ್ಧ. ಮೂರನೇ ಪೊಲೀಸನ್ನ ತಗೊಂಡ್ರೆ ಸರಿ. ಕೇಂದ್ರದ ದುಡ್ಡು ಇರೋದಕ್ಕೆ ಸೇರಬೇಕೇ ಹೊರತು ಇರೋದರ ಜಾಗಕ್ಕೆ ಬರಬಾರದು ಅನ್ನೋದು ಇದರ ಹಿಂದಿನ ಯೋಚನೆ. ಆದ್ರೆ ನಗರದ ಆದಾಯವೇ ಬಿದ್ದು ಆ ಇಬ್ಬರನ್ನ ಹೇಗಿದ್ರೂ ತೆಗೀಬೇಕಾಗಿತ್ತು ಅಂತ ದಾಖಲೆ ಸಮೇತ ತೋರಿಸಿದ್ರೆ ಗ್ರಾಂಟಿಂದ ಉಳಿಸಿಕೊಳ್ಳಬಹುದು. ಈಗ ಎಲ್ಲಾ ಕಡೆ ಬಜೆಟ್ ಬಿಗಿ ಆಗ್ತಿರೋದರಿಂದ ಈ ದಾಖಲೆ ಇಟ್ಟುಕೊಳ್ಳೋದು ಮೊದಲಿಗಿಂತ ಮುಖ್ಯ.

ಮೂಗಿಗಿಂತ ಮೂಗುತಿ ಭಾರ

ಲೆಕ್ಕಪತ್ರ, ಕರೆಂಟ್ ಬಿಲ್, ಅಕೌಂಟೆಂಟ್ ಸಂಬಳ, ಇವು ಒಂದು ಪ್ರಾಜೆಕ್ಟಿಗೆ ನೇರವಾಗಿ ಸೇರಲ್ಲ, ಇವನ್ನ ಇಂಡೈರೆಕ್ಟ್ ಕಾಸ್ಟ್ ಅಂತಾರೆ. ಕೇಂದ್ರದ ಜೊತೆ ತಮ್ಮದೇ ದರ ಮಾತಾಡಿಕೊಳ್ಳದ ಸಂಸ್ಥೆಗಳಿಗೆ ಮೊದಲು 10 ಪರ್ಸೆಂಟ್ ಇತ್ತು, 2024ರ ಅಕ್ಟೋಬರ್ 1ರಿಂದ 15 ಪರ್ಸೆಂಟ್ ತನಕ ಕೇಳಬಹುದು. ಅದೇ ಸಮಯಕ್ಕೆ ವರ್ಷಕ್ಕೆ ಎಷ್ಟು ಫೆಡರಲ್ ದುಡ್ಡು ಖರ್ಚು ಮಾಡಿದ್ರೆ ದೊಡ್ಡ ಆಡಿಟ್ ಕಡ್ಡಾಯ ಅನ್ನೋ ಗೆರೆಯನ್ನ ಏಳೂವರೆ ಲಕ್ಷ ಡಾಲರ್‌ನಿಂದ ಹತ್ತು ಲಕ್ಷಕ್ಕೆ ಏರಿಸಿದ್ರು. ಎರಡೂ ಚಿಕ್ಕವರಿಗೆ ಒಳ್ಳೇದೇ.

ರದ್ದು ಮಾಡೋ ಅಧಿಕಾರ ಎಲ್ಲಿಂದ ಬಂತು

ಫೆಡರಲ್ ಗ್ರಾಂಟ್ ನಿಯಮಾವಳಿಯಲ್ಲಿ 200.340 ಅಂತ ಒಂದು ನಿಯಮ ಇದೆ. 2020ರಲ್ಲಿ ತಿದ್ದಿದಾಗ ಅದರಲ್ಲಿ ಒಂದು ವಾಕ್ಯ ಸೇರ್ತು, ಅದರ ಸಾರಾಂಶ ಇಷ್ಟು: ಗ್ರಾಂಟು ಕಾರ್ಯಕ್ರಮದ ಗುರಿಗೋ ಏಜೆನ್ಸಿಯ ಆದ್ಯತೆಗೋ ಈಗ ಹೊಂದ್ತಿಲ್ಲ ಅಂದ್ರೆ, ಕಾನೂನು ಬಿಡೋ ಮಟ್ಟಿಗೆ, ರದ್ದು ಮಾಡಬಹುದು. ಏಪ್ರಿಲ್‌ನ ಪತ್ರಗಳು ನಿಂತಿದ್ದು ಈ ವಾಕ್ಯದ ಮೇಲೆ, ಮೇಲ್ಮನವಿಗೆ 30 ದಿನ ಕೊಟ್ಟಿದ್ರು, ಕೆಲವು ಸಂತ್ರಸ್ತರ ಸೇವೆಯ ಗ್ರಾಂಟ್ ವಾಪಸ್ ಕೂಡ ಕೊಟ್ರು.

ಸರ್ಕಾರದ ವಾದ ಏನಂದ್ರೆ ಜನರ ದುಡ್ಡು, ಹೊಸ ಸರ್ಕಾರಕ್ಕೆ ತನ್ನ ಆದ್ಯತೆ ಇರುತ್ತೆ, ಈ ಷರತ್ತು ಕರಾರಿನಲ್ಲೇ ಇತ್ತು, ಸಹಿ ಹಾಕಿದವರು ಓದಿಕೊಂಡೇ ಹಾಕಿದ್ದಾರೆ. ಸಂಸ್ಥೆಗಳ ವಾದ, ನಾವು ಕೆಲಸದಲ್ಲಿ ತಪ್ಪು ಮಾಡಿಲ್ಲ, ಆದ್ಯತೆ ಬದಲಾಯ್ತು ಅಂತ ಎರಡು ಸಾಲು ಬರೆದು ಮಧ್ಯದಲ್ಲಿ ಕೈಬಿಟ್ರೆ ಯಾರು ಯಾವ ನಂಬಿಕೆ ಮೇಲೆ ಜನರನ್ನ ಕೆಲಸಕ್ಕೆ ತಗೋಬೇಕು. ಐದು ಸಂಸ್ಥೆಗಳು ಕೋರ್ಟಿಗೆ ಹೋದ್ವು. ಜುಲೈಯಲ್ಲಿ ವಾಷಿಂಗ್ಟನ್‌ನ ಫೆಡರಲ್ ಜಡ್ಜ್ ಅಮಿತ್ ಮೆಹ್ತಾ ಈ ರದ್ದತಿಯನ್ನ ನಾಚಿಕೆಗೇಡು ಅಂತ ಕಟುವಾಗಿ ಹೇಳಿ, ಆದ್ರೂ ಕೇಸ್ ವಜಾ ಮಾಡಿದ್ರು. ಓದಿದವರಿಗೆ ಇದೇನಿದು ಅನ್ನಿಸಿತು. ಮುಖ್ಯ ಕಾರಣ ಕೋರ್ಟಿನ ವ್ಯಾಪ್ತಿ: ಇದು ಮೂಲದಲ್ಲಿ ಸರ್ಕಾರದ ಜೊತೆಗಿನ ಕರಾರಿನ ದುಡ್ಡಿನ ಜಗಳ, ಅಂಥದ್ದು ಹೋಗಬೇಕಾದ್ದು ಫೆಡರಲ್ ಕ್ಲೇಮ್ಸ್ ಕೋರ್ಟಿಗೆ ಅಂತ. ಅದೇ ಏಪ್ರಿಲ್‌ನಲ್ಲಿ ಶಿಕ್ಷಣ ಇಲಾಖೆ ಗ್ರಾಂಟ್‌ಗಳ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಕಡೆಗೇ ಕೈ ತೋರಿಸಿತ್ತು. ಕ್ಲೇಮ್ಸ್ ಕೋರ್ಟ್ ದುಡ್ಡು ಕೊಡಿಸಬಹುದು, ಆದ್ರೆ ಗ್ರಾಂಟ್ ಮತ್ತೆ ಶುರು ಮಾಡಿ ಅಂತ ಸಾಮಾನ್ಯವಾಗಿ ಹೇಳೋಕಾಗಲ್ಲ. ಅಲ್ಲಿ ಗೆಲ್ಲೋ ಹೊತ್ತಿಗೆ ಆಫೀಸು ಖಾಲಿಯಾಗಿ, ಕೆಲಸ ಕಲಿತವರು ಬೇರೆ ಕಡೆ ಸೇರಿಕೊಂಡಿರ್ತಾರೆ.

ಫಾರ್ಮುಲಾ ಗ್ರಾಂಟ್ ಇಲ್ಲಿ ಗಟ್ಟಿ, ಯಾಕಂದ್ರೆ ಅದನ್ನ ಕೊಡಬೇಕು ಅಂತ ಸಂಸತ್ತಿನ ಕಾನೂನೇ ಹೇಳಿರೋವಾಗ ಏಜೆನ್ಸಿ ಆದ್ಯತೆ ಅಂತ ಹೇಳಿ ತಪ್ಪಿಸಿಕೊಳ್ಳೋದು ಕಷ್ಟ. ಅದಕ್ಕೇ ಅಲ್ಲಿ ಜಗಳ ರದ್ದಿನ ರೂಪದಲ್ಲಿ ಬರಲ್ಲ, ಷರತ್ತಿನ ರೂಪದಲ್ಲಿ ಬರುತ್ತೆ.

ಷರತ್ತಿನ ಜಗಳ

ಇದು ಹೊಸದಲ್ಲ. 2017ರಲ್ಲಿ ಬರ್ನ್ ಜ್ಯಾಗ್‌ಗೆ ಷರತ್ತು ಹಾಕಿದ್ರು: ವಲಸೆ ಅಧಿಕಾರಿಗಳನ್ನ ಜೈಲಿನೊಳಗೆ ಬಿಡಬೇಕು, ವಲಸಿಗ ಕೈದಿ ಬಿಡುಗಡೆ ಆಗೋ ಮೊದಲು ತಿಳಿಸಬೇಕು ಅಂತ. ಷಿಕಾಗೊ ನಗರ ಇದರ ವಿರುದ್ಧ ಕೋರ್ಟಿಗೆ ಹೋಯ್ತು, 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ನಗರದ ಪರ ನಿಂತು ಷರತ್ತು ಹಾಕೋ ಅಧಿಕಾರ ಸಂಸತ್ತಿನದು, ನ್ಯಾಯ ಇಲಾಖೆಯ ಮುಖ್ಯಸ್ಥ ಅಟಾರ್ನಿ ಜನರಲ್‌ದಲ್ಲ ಅಂತು. 2020ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟ್ ಪೂರ್ತಿ ಉಲ್ಟಾ ಹೇಳ್ತು. ಸುಪ್ರೀಂ ಕೋರ್ಟ್ ಬಗೆಹರಿಸೋ ಮೊದಲೇ 2021ರಲ್ಲಿ ಸರ್ಕಾರ ಬದಲಾಗಿ ಕೇಸ್ ಕೈಬಿಟ್ರು. ಪ್ರಶ್ನೆಗೆ ಕೊನೆ ಉತ್ತರ ಸಿಗದೆ ಹಾಗೇ ಉಳೀತು, 2025ರಲ್ಲಿ ಅದೇ ಪ್ರಶ್ನೆ ವೋಕಾ ಮೇಲೆ ಎದ್ದಿತು. 2025ರ ಆಗಸ್ಟ್‌ನ 20 ರಾಜ್ಯಗಳ ಕೇಸ್ ರೋಡ್ ಐಲೆಂಡ್‌ನಲ್ಲಿ ದಾಖಲಾದದ್ದು ಇದಕ್ಕೇ, ವಲಸೆ ಕಾನೂನು ಜಾರಿಗೆ ಸಹಕರಿಸಿದ್ರೆ ಮಾತ್ರ ಸಂತ್ರಸ್ತರ ದುಡ್ಡು ಅನ್ನೋ ಷರತ್ತಿನ ವಿರುದ್ಧ.

ಎರಡು ಕಡೆಗೂ ಮಾತಿದೆ, ದುಡ್ಡು ಕೊಡೋರು ಷರತ್ತು ಹಾಕೋದು ಸಹಜ ಅನ್ನೋದನ್ನ ಸುಲಭವಾಗಿ ತಳ್ಳಿಹಾಕೋಕೆ ಬರಲ್ಲ. ಆದ್ರೆ ವೋಕಾ ಸೇವೆಗೆ ಸಂತ್ರಸ್ತರ ವಲಸೆ ಸ್ಥಿತಿ ನೋಡಬಾರದು ಅಂತ 2016ರ ನಿಯಮದಲ್ಲೇ ಇದೆ. ಅದನ್ನ ಬರೆದಾಗಿನ ಯೋಚನೆ ಸರಳ, ಹೊಡೆತ ತಿಂದವಳು ಪೇಪರ್ ಕೇಳ್ತಾರೇನೋ ಅಂತ ಹೆದರಿ ಫೋನ್ ಮಾಡದೇ ಇದ್ರೆ ಹೊಡೆದವನು ಬಚಾವ್ ಆಗ್ತಾನೆ. ವೀಸಾ ಮುಗಿದ ಹೆಂಡತಿಗೆ ಗಂಡ ಹಾಕೋ ಮೊದಲ ಬೆದರಿಕೆಯೇ ನಿನ್ನನ್ನ ವಾಪಸ್ ಕಳಿಸಿಬಿಡ್ತೀನಿ ಅನ್ನೋದು. ಇಂಥ ಷರತ್ತು ಗೆದ್ರೆ ಆ ಬೆದರಿಕೆಗೆ ಬಲ ಬರುತ್ತೆ, ಈ ಕಾರಣಕ್ಕೆ ನನಗೆ ರಾಜ್ಯಗಳ ವಾದವೇ ಹೆಚ್ಚು ತೂಕದ್ದು ಅನ್ನಿಸುತ್ತೆ.

ಮುಂದೆ ಏನಾಗಬಹುದು

ಮೊದಲನೇದು, ರಾಜ್ಯಗಳು ತಮ್ಮ ಖಜಾನೆಯಿಂದ ತುಂಬಿಕೊಡೋ ಒತ್ತಡ. ಕ್ಯಾಲಿಫೋರ್ನಿಯಾ 2024ರ ಬಜೆಟ್‌ನಲ್ಲಿ ವೋಕಾ ಕೊರತೆಗೆ 10.3 ಕೋಟಿ ಡಾಲರ್ ಇಟ್ಟಿತ್ತು, ಆದ್ರೆ ಅದು ಒಂದು ಸಲಕ್ಕೆ ಮಾತ್ರ, ಚಿಕ್ಕ ರಾಜ್ಯಗಳಿಗೆ ಅಷ್ಟೂ ಆಗಲ್ಲ. ಎರಡನೇದು, ನೋಡಲ್ ಏಜೆನ್ಸಿಗಳು ರಿಸ್ಕ್ ಕಮ್ಮಿ ಮಾಡಿಕೊಳ್ಳೋಕೆ ದೊಡ್ಡ, ಗಟ್ಟಿ ಸಂಸ್ಥೆಗಳಿಗೇ ಸಬ್‌ಗ್ರಾಂಟ್ ಕೊಡೋ ಕಡೆ ವಾಲಬಹುದು, ಆಗ ಭಾಷೆ ಗೊತ್ತಿರೋ ಚಿಕ್ಕ ಸಂಸ್ಥೆಗಳಿಗೆ ಏಟು. ಇದಕ್ಕೆ ಪರಿಹಾರ ರಾಜ್ಯದ ಕೈಯಲ್ಲೇ ಇದೆ. ಫೆಡರಲ್ ನಿಯಮ ಮುಂಗಡ ಕೊಡೋದನ್ನ ಬೇಡ ಅನ್ನಲ್ಲ, ಒಂದೆರಡು ತಿಂಗಳ ಖರ್ಚನ್ನ ಮೊದಲೇ ಕೊಟ್ಟು, ಬಿಲ್ಲನ್ನ ಮೂರು ತಿಂಗಳ ಬದಲು ತಿಂಗಳಿಗೊಮ್ಮೆ ತಗೊಂಡ್ರೆ ಮೇಲೆ ಹೇಳಿದ 90,000 ಡಾಲರ್ ಹೊರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಇದಕ್ಕೆ ವಾಷಿಂಗ್ಟನ್ ಒಪ್ಪಿಗೆ ಕಾಯಬೇಕಾಗಿಲ್ಲ.

ಇನ್ನು ಸಬ್‌ಗ್ರಾಂಟ್ ತಗೊಳ್ಳೋ ಸಂಸ್ಥೆಗಳ ಕಮಿಟಿಯಲ್ಲಿ ಕೂತಿರೋರು ನೋಡಬೇಕಾದ್ದು ಕರಾರಿನ ಮೂರು ಜಾಗ: ರದ್ದಾದ್ರೆ ಎಷ್ಟು ದಿನದ ನೋಟಿಸ್, ರದ್ದಾದ ದಿನದ ತನಕದ ಖರ್ಚು ಎಷ್ಟು ದಿನದೊಳಗೆ ಕೇಳಬೇಕು, ಬಾಡಿಗೆಯಂಥ ನಿಲ್ಲಿಸೋಕಾಗದ ಖರ್ಚಿಗೆ ಏನು ದಾರಿ. ಬಹಳ ಕರಾರುಗಳಲ್ಲಿ ಇವು ಕೊನೇ ಪುಟಗಳಲ್ಲಿ, ಚಿಕ್ಕ ಅಕ್ಷರದಲ್ಲಿ ಇರ್ತವೆ. ಸಹಿ ಹಾಕೋ ಮೊದಲು ಆ ಪುಟ ತೆಗೆದು ಗಂಟೆಗಟ್ಟಲೆ ಕೂತು ಓದಿ, ಗೊತ್ತಾಗದ್ದನ್ನ ರಾಜ್ಯದ ಗ್ರಾಂಟ್ ಮ್ಯಾನೇಜರ್‌ಗೆ ಇಮೇಲ್‌ನಲ್ಲಿ ಕೇಳಿ ಉತ್ತರ ಫೈಲ್‌ನಲ್ಲಿ ಇಟ್ಟುಕೊಳ್ಳಿ, ಯಾಕಂದ್ರೆ ನಾಳೆ ಬಿಲ್ ತಡೆಹಿಡಿದ್ರೆ ಫೋನಲ್ಲಿ ಹೇಳಿದ್ದಕ್ಕೆ ಲೆಕ್ಕ ಇರಲ್ಲ, ಬರೆದಿದ್ದಕ್ಕೆ ಇರುತ್ತೆ.